ಕಾಲಕ್ಕೆ ತಕ್ಕ ಕಥಾನಾಯಕ

ಮಾಘಮಾಸದಲ್ಲಿ ಉಳವಿಯ ಜಾತ್ರೆ. ಧಾರವಾಡ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಎತ್ತಿನ ಚಕ್ಕಡಿಗಳು ಸಾಲುಗಟ್ಟಿ, ದಾಂಡೇಲಿ-ಜೋಯಿಡಾ ಕಾಡಿನ ದಾರಿ ಹಿಡಿದು, ಚನ್ನಬಸವಣ್ಣನವರ ಸಮಾಧಿಯ ದರ್ಶನಕ್ಕೆ ಬರುತ್ತವೆ. ಒಮ್ಮೆ ಅಂಥ ಜಾತ್ರೆಯಲ್ಲಿ ಗುಡಿಯ ಎದುರಿನ ಸಾಲಿನೊಳಗೆ ನನ್ನ ಮುಂದೆ ಒಬ್ಬ ಅಜ್ಜ, ಆತನ ಕೈಹಿಡಿದು ಆರೇಳು ವರ್ಷದ ಮೊಮ್ಮಗ ನಿಂತಿದ್ದರು. ಹುಡುಗನ ಅಂಗಿಯ ಮೇಲೆ ಟೀವಿಯ ಛೋಟಾ ಭೀಮನ ಚಿತ್ರ. ಗರ್ಭಗುಡಿ ಹತ್ತಿರವಾದಾಗ ಅಜ್ಜ, "ಇವರು ಭಾಳ ದೊಡ್ಡ ಶರಣರಪಾ, ಕೈ ಮುಗಿ" ಎಂದ. ಹುಡುಗ ಕೈ ಮುಗಿದು ಕೇಳಿದ: "ಅಜ್ಜಾ, ಇವರು ಯಾರನ್ನ ಹೊಡದ್ರು?"

"ಯಾರನ್ನೂ ಹೊಡೀಲಿಲ್ಲಪಾ."

"ಮತ್ತ ದೊಡ್ಡವರು ಹೆಂಗ ಆದ್ರು?"

ಸುತ್ತ ನಿಂತವರು ನಕ್ಕರು. ಅಜ್ಜನೂ ನಕ್ಕ. ಸಾಲು ಮುಂದೆ ಸರಿಯಿತು. ಆದರೆ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಮನುಷ್ಯ ದೊಡ್ಡವನಾಗುವುದು ಹೇಗೆ? ಕಥೆ ಹೇಳುವವರೆಲ್ಲರೂ ತಮ್ಮ ತಮ್ಮ ಕಾಲದಲ್ಲಿ ಉತ್ತರಿಸಬೇಕಾದ ಪ್ರಶ್ನೆಯೇ ಇದು. ಪಂಪನೂ ಉತ್ತರಿಸಿದ್ದಾನೆ, ಇಂದು ಮಕ್ಕಳಿಗಾಗಿ ಕಾರ್ಟೂನ್ ಮಾಡುವವರೂ ಉತ್ತರಿಸುತ್ತಿದ್ದಾರೆ. ಉತ್ತರ ಕಾಲಕಾಲಕ್ಕೆ ಬೇರೆಯಾಗುತ್ತದೆ, ಏಕೆಂದರೆ ಸಮಾಜವು ಯಾವುದನ್ನು ಮೆಚ್ಚುತ್ತದೆಯೋ ಅದೇ ನಾಯಕನ ಮೈಮೇಲೆ ಬಂದು ಕೂಡುತ್ತದೆ. ಅದು ಹೇಗೆಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಮಕ್ಕಳು ಹೀಗೆ ಕೇಳಿದಾಗ ಹಿರಿಯರು ಟೀವಿಯನ್ನು ಬಯ್ಯುವುದು ವಾಡಿಕೆ. ಆದರೆ ಸಾವಿರ ವರ್ಷಗಳ ಹಿಂದಿನ ಹುಡುಗನೂ ಇದೇ ಪ್ರಶ್ನೆ ಕೇಳುತ್ತಿದ್ದನೆಂದು ನನಗೆ ತೋರುತ್ತದೆ. ನಮ್ಮ ನಾಡಿನ ಊರೂರುಗಳಲ್ಲಿ ಕಾಣುವ ವೀರಗಲ್ಲುಗಳನ್ನು ನೋಡಿರಿ. ಸಾಮಾನ್ಯವಾಗಿ ಒಂದು ಕಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ಅನೇಕ ಕಡೆಗಳಲ್ಲಿ ತುರುಗಳನ್ನು ಬಿಡಿಸಿ ತರುವ ಕಾಳಗ. ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಸನ್ನಿಧಿಯಲ್ಲಿ ಕುಳಿತಿದ್ದಾನೆ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆ ಅದು. ಅಕ್ಷರ ಬಾರದವನೂ ಓದಬಲ್ಲ. ಆ ಕಾಲದ ಊರಿಗೆ ದನಕರುಗಳೇ ಸಂಪತ್ತು. ಆದ್ದರಿಂದ ದನಗಳಿಗಾಗಿ ಜೀವ ಕೊಟ್ಟವನೇ ನಾಯಕ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವೀರಗಲ್ಲಿನ ವೀರನು ಹೊಡೆದದ್ದಕ್ಕಾಗಿ ಮಾತ್ರ ಕಲ್ಲಾದವನಲ್ಲ, ಸತ್ತದ್ದಕ್ಕಾಗಿ ಕಲ್ಲಾದವನು.

ಹತ್ತನೆಯ ಶತಮಾನಕ್ಕೆ ಬಂದರೆ ಕಾವ್ಯವು ಅರಮನೆಯ ಆಸರೆಯಲ್ಲಿದೆ. 941ರ ಹೊತ್ತಿಗೆ ಪಂಪನು ವಿಕ್ರಮಾರ್ಜುನ ವಿಜಯವನ್ನು ರಚಿಸಿ, ಅರ್ಜುನನಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಕಂಡನು. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನನು ಗದಾಯುದ್ಧದಲ್ಲಿ ಭೀಮನನ್ನು ಚಾಲುಕ್ಯ ಸತ್ಯಾಶ್ರಯನೊಡನೆ ಸಮೀಕರಿಸಿದನು. ಹಾಗಾಗಿಯೇ ಆ ಕೃತಿಗೆ ಸಾಹಸಭೀಮ ವಿಜಯವೆಂಬ ಹೆಸರೂ ಇದೆ. ವ್ಯಾಸಭಾರತದ ಭೀಮನೇ ಇಲ್ಲಿಯೂ ಇದ್ದಾನೆ, ಆದರೆ ಅವನ ತಲೆಯ ಮೇಲೆ ರನ್ನನ ಕಾಲದ ಕಿರೀಟವಿದೆ. ಕಥೆ ಹಳೆಯದು, ಗೌರವ ಹೊಸದು.

ಮುಂದೆ ಶರಣರ ಕಾಲ ಬಂದಿತು. ಹರಿಹರನು ರಗಳೆಗಳನ್ನು ಬರೆದಾಗ ರಾಜರನ್ನು ಬದಿಗಿಟ್ಟು ಕುಂಬಾರ ಗುಂಡಯ್ಯನನ್ನೂ ಬೇಡರ ಕಣ್ಣಪ್ಪನನ್ನೂ ನಡುಮನೆಗೆ ಕರೆದು ಕೂಡಿಸಿದನು. ಮಡಕೆ ತಟ್ಟುವ ಗುಂಡಯ್ಯನ ಸದ್ದಿಗೆ ಶಿವನೇ ಕುಣಿದನಂತೆ! ಕಾಯಕಕ್ಕೆ ಬೆಲೆ ಬಂದ ಸಮಾಜದಲ್ಲಿ ಮಾತ್ರ ಇಂಥ ಕಥೆ ಹುಟ್ಟಲು ಸಾಧ್ಯ. ಹೀಗೆ ಹೊಸ ಮೌಲ್ಯ ಬಂದಾಗ ಹೊಸ ನಾಯಕ ಬರುತ್ತಾನೆ. ಇಲ್ಲವೆ ಹಳೆಯ ನಾಯಕನೇ ಹೊಸ ವೇಷ ತೊಡುತ್ತಾನೆ.

ಇನ್ನು ಚಿತ್ರ ಚಲಿಸುವ ಕಥೆಗೆ ಬರೋಣ. ನಮ್ಮಲ್ಲಿ ಕಾರ್ಟೂನಿಗಿಂತ ಮೊದಲು ತೆರೆಯ ಮೇಲೆ ಕುಣಿದವು ತೊಗಲುಗೊಂಬೆಗಳು. ಎಣ್ಣೆಯ ದೀಪದ ಮುಂದೆ, ಬಿಳಿಯ ಪರದೆಯ ಹಿಂದೆ, ಬಣ್ಣ ಹಾಕಿದ ತೊಗಲಿನ ರಾಮ, ರಾವಣ, ಹನುಮಂತರು ರಾತ್ರಿಯೆಲ್ಲ ಆಡುತ್ತಿದ್ದರು. ಕರ್ನಾಟಕದ ಈ ಗೊಂಬೆಗಳಲ್ಲಿ ಒಂದು ವಿಶೇಷವುಂಟು. ಗೊಂಬೆಯ ಅಳತೆ ಪಾತ್ರದ ಅಂತಸ್ತನ್ನು ಅನುಸರಿಸುತ್ತದೆ. ರಾಜನದೂ ದೈವದ ಪಾತ್ರದ್ದೂ ದೊಡ್ಡ ಗೊಂಬೆ. ಸೇವಕನದೂ ಸಾಮಾನ್ಯನದೂ ಸಣ್ಣದು. ಪ್ರೇಕ್ಷಕನಿಗೆ ಯಾರೂ ವಿವರಿಸಬೇಕಾಗಿಲ್ಲ. ಪರದೆಯ ಮೇಲೆ ನೆರಳು ಬಿದ್ದೊಡನೆ ಯಾರು ದೊಡ್ಡವರು, ಯಾರು ಸಣ್ಣವರು ಎಂಬುದು ಕಣ್ಣಿಗೇ ತಿಳಿಯುತ್ತದೆ. ಸಮಾಜದ ಮೌಲ್ಯವು ಕಲೆಯಲ್ಲಿ ಇಳಿದುಬರುವುದೆಂದರೆ ಇದೇ. ಅದನ್ನು ಗೇಣು ಹಾಕಿ ಅಳೆಯಬಹುದು.

ಕಾರ್ಟೂನೂ ಮೂಲದಲ್ಲಿ ಇದೇ ಜಾತಿಯ ಆಟ. ಸ್ವಲ್ಪ ಸ್ವಲ್ಪವೇ ಬದಲಾದ ಚಿತ್ರಗಳನ್ನು ಒಂದಾದಮೇಲೊಂದರಂತೆ ವೇಗವಾಗಿ ತೋರಿಸಿದರೆ ಕಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣದೆ ಚಲಿಸಿದಂತೆ ಕಾಣುತ್ತವೆ. ಸಿನೆಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಸರಿಯುತ್ತವೆ. ನಟನಿರುವ ಸಿನೆಮಾದಲ್ಲಿ ನಟನ ಎತ್ತರ, ಮುಖ, ವಯಸ್ಸು ಇದ್ದಂತೆಯೇ ಇರಬೇಕು. ಕಾರ್ಟೂನಿನಲ್ಲಿ ಅವೆಲ್ಲವೂ ಬರೆಯುವವನ ಕೈಯಲ್ಲಿವೆ. ಕಣ್ಣು ಎಷ್ಟು ದೊಡ್ಡದಿರಬೇಕು, ಮೈಬಣ್ಣ ಯಾವುದಿರಬೇಕು, ಯಾರು ದಪ್ಪಗಿದ್ದು ನಗೆಗೀಡಾಗಬೇಕು ಎಂಬುದನ್ನೆಲ್ಲ ಯಾರೋ ಒಬ್ಬರು ಕುಳಿತು ನಿಶ್ಚಯಿಸುತ್ತಾರೆ. ಆದ್ದರಿಂದ ಕಾಲದ ಮೆಚ್ಚುಗೆ ಮತ್ತು ಕಾಲದ ತಾತ್ಸಾರ ಎರಡೂ ಇದರಲ್ಲಿ ಬೇಗನೆ ಅಚ್ಚಾಗುತ್ತವೆ.

ನಮ್ಮ ದೇಶದ ಉದಾಹರಣೆಗಳನ್ನೇ ಕ್ರಮವಾಗಿ ನೋಡಬಹುದು. 1957ರಲ್ಲಿ ಸರಕಾರದ ಫಿಲ್ಮ್ಸ್ ಡಿವಿಜನ್ ಸಂಸ್ಥೆಯು 'ದಿ ಬನಿಯನ್ ಡೀರ್' ಎಂಬ ಚಿತ್ರವನ್ನು ತಯಾರಿಸಿತು. ಕಥೆ ಜಾತಕದ್ದು. ಗರ್ಭಿಣಿಯಾದ ಒಂದು ಹೆಣ್ಣು ಜಿಂಕೆಯ ಸರದಿ ಬಂದಾಗ ಜಿಂಕೆಗಳ ಒಡೆಯನು ತನ್ನ ಕೊರಳನ್ನೇ ಒಡ್ಡುತ್ತಾನೆ. ಅದನ್ನು ಕಂಡು ರಾಜನ ಮನಸ್ಸು ಕರಗುತ್ತದೆ. ಸ್ವಾತಂತ್ರ್ಯ ಬಂದು ಹತ್ತು ವರ್ಷ, ಗಾಂಧೀಜಿ ತೀರಿಕೊಂಡು ಒಂಬತ್ತು ವರ್ಷ. ತನ್ನನ್ನೇ ಕೊಟ್ಟುಕೊಳ್ಳುವವನು ನಾಯಕನಾದದ್ದರಲ್ಲಿ ಆಶ್ಚರ್ಯವಿಲ್ಲ.

1974ರಲ್ಲಿ ಅದೇ ಸಂಸ್ಥೆಯಿಂದ 'ಏಕ್ ಅನೇಕ್ ಔರ್ ಏಕತಾ' ಬಂದಿತು. ಮುಂದೆ ದೂರದರ್ಶನದಲ್ಲಿ ಅದನ್ನು ನೋಡಿ ಬೆಳೆದವರು ಈ ಲೇಖನದ ವಾಚಕರಲ್ಲಿಯೂ ಇರಬಹುದು. ಬಲೆಯಲ್ಲಿ ಸಿಕ್ಕ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ, ಇಲಿಗಳು ಬಂದು ಬಲೆ ಕಡಿಯುತ್ತವೆ. ಅಲ್ಲಿ ನಾಯಕನೆಂಬವನೇ ಇಲ್ಲ, ಗುಂಪೇ ನಾಯಕ. ದೇಶದ ಐಕ್ಯವೇ ದೊಡ್ಡ ಚಿಂತೆಯಾಗಿದ್ದಾಗ ಹುಟ್ಟಿದ ಕಥೆಯದು. ಈ ಎರಡೂ ಚಿತ್ರಗಳನ್ನು ಮಾಡಿಸಿದ್ದು ಸರಕಾರ; ಮಕ್ಕಳು ನಾಳೆಯ ಪ್ರಜೆಗಳೆಂಬ ದೃಷ್ಟಿ ಅವುಗಳ ಹಿಂದೆ ಇದ್ದಿತು.

ಅನಂತರ ಖಾಸಗಿ ವಾಹಿನಿಗಳು ಬಂದವು. 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ 'ಛೋಟಾ ಭೀಮ್' ಸರಣಿಯು ಪೋಗೋ ವಾಹಿನಿಯಲ್ಲಿ ಮೊದಲಾಯಿತು. 2009ರಲ್ಲಿ ಕನ್ನಡದ ಮಕ್ಕಳಿಗಾಗಿಯೇ ಚಿಂಟು ಟೀವಿ ಎಂಬ ವಾಹಿನಿಯೂ ಆರಂಭವಾಯಿತು. ಇಲ್ಲಿ ಮಗುವು ಪ್ರಜೆಯಾಗುವುದಕ್ಕಿಂತ ಮೊದಲು ಪ್ರೇಕ್ಷಕ. ಅಂಗಿ, ಬುತ್ತಿಡಬ್ಬಿ, ಶಾಲೆಯ ಚೀಲ ಕೊಳ್ಳುವ ಗಿರಾಕಿಯೂ ಹೌದು.

ಈ ಭೀಮನನ್ನು ರನ್ನನ ಭೀಮನ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಕಾಲದ ಹೆಜ್ಜೆ ಸ್ಪಷ್ಟವಾಗುತ್ತದೆ. ರನ್ನನ ಭೀಮನಿಗೆ ಪ್ರತಿಜ್ಞೆ, ಹಗೆ, ರಕ್ತ, ತೊಡೆ ಮುರಿಯುವ ಗದೆ. ಧೋಲಕಪುರದ ಈ ಪುಟ್ಟ ಭೀಮನಿಗೆ ಕೇಸರಿ ಧೋತರ, ಗೆಳೆಯರ ಗುಂಪು, ಲಡ್ಡು. ವೈರಿಯು ಸೋಲುತ್ತಾನೆ, ಆದರೆ ಅವನ ತೊಡೆ ಮುರಿಯುವುದಿಲ್ಲ, ನೆತ್ತರು ಹರಿಯುವುದಿಲ್ಲ. ಹೆಸರು ಮತ್ತು ಹಸಿವು ಇವೆರಡನ್ನು ಬಿಟ್ಟರೆ ಮಹಾಭಾರತದಿಂದ ಹೆಚ್ಚೇನೂ ಉಳಿದಿಲ್ಲ. ಆದರೂ ಒಂದು ದೊಡ್ಡ ಬದಲಾವಣೆಯನ್ನು ಮೆಚ್ಚಲೇಬೇಕು. ಆ ಊರಿಗೆ ಇಂದ್ರವರ್ಮನೆಂಬ ರಾಜನಿದ್ದಾನೆ, ಕಿರೀಟವಿದೆ, ಸೈನ್ಯವಿದೆ. ಆಪತ್ತು ಬಂದಾಗ ಅವನು ಕಾಯುವುದು ಒಬ್ಬ ಹುಡುಗನ ದಾರಿಯನ್ನು. ತೊಗಲುಗೊಂಬೆಯ ಅಳತೆಗೋಲು ಇಲ್ಲಿ ತಲೆಕೆಳಗಾಗಿದೆ. ಸಣ್ಣ ಗೊಂಬೆ ದೊಡ್ಡದಾಗಿದೆ, ದೊಡ್ಡ ಗೊಂಬೆ ಸಣ್ಣದಾಗಿದೆ. ಅರಸರು ಹೋಗಿ ಮಕ್ಕಳೇ ಮನೆಯ ದೊರೆಗಳಾದ ಕಾಲದ ನಾಯಕನವನು. 2019ರಲ್ಲಿ ಬಂದ 'ಮೈಟಿ ಲಿಟಲ್ ಭೀಮ್' ಸರಣಿಯಲ್ಲಂತೂ ಅವನು ಇನ್ನೂ ಚಿಕ್ಕವನಾಗಿ, ಅಂಬೆಗಾಲಿಡುವ ಕೂಸಾಗಿದ್ದಾನೆ. ಮಾತೇ ಇಲ್ಲವೆನ್ನಬಹುದಾದಷ್ಟು ಕಡಿಮೆ. ಮಾತಿಲ್ಲದ ಕಥೆಗೆ ಅನುವಾದ ಬೇಡವಾದ್ದರಿಂದ ಅದು ದೇಶದೇಶಗಳ ಮನೆ ಹೊಕ್ಕಿತು. ನಾಯಕನ ನಾಲಗೆಯನ್ನೂ ಮಾರುಕಟ್ಟೆಯೇ ನಿರ್ಣಯಿಸಬಲ್ಲದೆಂಬುದಕ್ಕೆ ಇದು ದೃಷ್ಟಾಂತ.

ನೋಡುವವರೂ ಸುಮ್ಮನೆ ಕೂಡುವುದಿಲ್ಲ. ಭೀಮನ ಗೆಳತಿ ಚುಟ್ಕಿ. 2020ರ ಜೂನ್ ತಿಂಗಳಲ್ಲಿ, ಭೀಮನು ಚುಟ್ಕಿಯನ್ನು ಬಿಟ್ಟು ರಾಜಕುಮಾರಿ ಇಂದುಮತಿಯನ್ನು ಮದುವೆಯಾದನೆಂಬ ಸುದ್ದಿ ಹಬ್ಬಿ, ಚುಟ್ಕಿಗೆ ನ್ಯಾಯ ಸಿಗಬೇಕೆಂದು ಟ್ವಿಟರಿನಲ್ಲಿ ದೊಡ್ಡ ಕೂಗೆದ್ದಿತು. ಕೂಗಿದವರಲ್ಲಿ ಬಾಲ್ಯದಲ್ಲಿ ಸರಣಿ ನೋಡಿ ಬೆಳೆದ ತರುಣ ತರುಣಿಯರು ಅನೇಕರು. ಕಡೆಗೆ ತಯಾರಕರು, ಅವರೆಲ್ಲರೂ ಇನ್ನೂ ಮಕ್ಕಳೇ, ಮದುವೆಯ ಸುದ್ದಿ ಸುಳ್ಳು ಎಂದು ಪ್ರಕಟಿಸಬೇಕಾಯಿತು. ಇದು ವಿನೋದವೆಂದು ತೋರಬಹುದು. ಆದರೆ ಅದರೊಳಗೆ ಒಂದು ನಿಜವಾದ ಮಾತಿದೆ. ಬೆನ್ನ ಹಿಂದೆ ನಿಂತು ನೆರವಾದ ಹುಡುಗಿಯ ಗತಿಯೇನೆಂದು ನಾಯಕನನ್ನು ಕೇಳುವ ಪೀಳಿಗೆ ಈಗ ಬಂದಿದೆ.

ಹೊರದೇಶಗಳಲ್ಲಿಯೂ ಹೀಗೆಯೇ. 1937ರಲ್ಲಿ ವಾಲ್ಟ್ ಡಿಸ್ನಿಯವರ 'ಸ್ನೋ ವೈಟ್' ರಾಜಕುಮಾರನ ಮುತ್ತಿಗಾಗಿ ಕಾದು ಮಲಗಿದ್ದಳು. ಅದೇ ಸಂಸ್ಥೆಯ 2013ರ 'ಫ್ರೋಜನ್' ಚಿತ್ರದಲ್ಲಿ ಪ್ರಾಣ ಉಳಿಸುವುದು ರಾಜಕುಮಾರನ ಪ್ರೇಮವಲ್ಲ, ಅಕ್ಕತಂಗಿಯರ ಪ್ರೇಮ. ಜಪಾನಿನಲ್ಲಿ 1963ರಲ್ಲಿ ಟೀವಿಗೆ ಬಂದ ಒಸಾಮು ತೆಜುಕಾ ಅವರ ಸರಣಿಯ ನಾಯಕ ಅಣುಶಕ್ತಿಯಿಂದ ನಡೆಯುವ ಯಂತ್ರಬಾಲಕ. ಹಿರೋಶಿಮಾದ ಮೇಲೆ ಬಾಂಬು ಬಿದ್ದು ಹದಿನೆಂಟು ವರ್ಷಗಳಾಗಿದ್ದವು. ನಾಡನ್ನು ಸುಟ್ಟ ಶಕ್ತಿಯನ್ನೇ ಆ ಜನ ಒಬ್ಬ ಒಳ್ಳೆಯ ಹುಡುಗನ ಎದೆಯೊಳಗಿಟ್ಟು ನೋಡಿದರು.

ಇಷ್ಟಾದರೂ ಸರಣಿಯೆಂಬ ರೂಪದಲ್ಲಿಯೇ ಒಂದು ತೊಡಕುಂಟು. ವೀರಗಲ್ಲಿನವನು ಮಡಿದ. ಜಾತಕದ ಜಿಂಕೆ ಕೊರಳೊಡ್ಡಿತು. ಅವರಿಗೆಲ್ಲ ಒಂದು ಕೊನೆಯ ಗಳಿಗೆ ಇತ್ತು, ದೊಡ್ಡಸ್ತಿಕೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಸರಣಿಯ ನಾಯಕನಿಗೆ ಕೊನೆಯೇ ಇಲ್ಲ. ನಾಳೆ ಸಂಜೆ ಅವನು ಮತ್ತೆ ಬರಬೇಕು. ಅಂಗಿ, ಚೀಲಗಳ ಮೇಲೆ ನಗುತ್ತಿರಬೇಕು. ಆದ್ದರಿಂದ ಅವನು ಬೆಳೆಯುವಂತಿಲ್ಲ, ಮುದುಕನಾಗುವಂತಿಲ್ಲ, ನಿಜವಾಗಿ ಏನನ್ನೂ ಕಳೆದುಕೊಳ್ಳುವಂತಿಲ್ಲ. ಪ್ರತಿದಿನ ಗೆಲ್ಲುವವನು ಏನನ್ನು ತ್ಯಾಗ ಮಾಡಬಲ್ಲ? ಜಾತ್ರೆಯ ಹುಡುಗನಿಗೆ ದೊಡ್ಡಸ್ತಿಕೆಯೆಂದರೆ ಹೊಡೆಯುವುದು ಎಂದೇ ತೋರಿದ್ದಕ್ಕೆ ಕಾರಣ ಇಲ್ಲಿರಬಹುದು. ಅವನು ನೋಡಿದ ಕಥೆಗಳಲ್ಲಿ ಗೆಲುವಿದೆ, ಬೆಲೆ ತೆರುವುದಿಲ್ಲ.

ಬೆಲೆ ತೆರುವ ಕಥೆ ನಮ್ಮಲ್ಲಿ ಯಾವುದೆಂದರೆ ಕನ್ನಡಿಗರೆಲ್ಲರ ನೆನಪಿಗೆ ಬರುವುದು ಗೋವಿನ ಹಾಡು. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲುಣಿಸಿ, ಹೇಳಿದಂತೆ ತಿರುಗಿ ಬರುತ್ತಾಳೆ. ಹುಲಿಯು ನಾಚಿ ತನ್ನ ಪ್ರಾಣವನ್ನೇ ಬಿಡುತ್ತದೆ. ಈ ಹಾಡನ್ನು ಆಧರಿಸಿ ವಿ. ರವಿಶಂಕರ್ ಅವರು ಸಂಸ್ಕೃತದಲ್ಲಿ 'ಪುಣ್ಯಕೋಟಿ' ಎಂಬ ಕಾರ್ಟೂನ್ ಚಿತ್ರವನ್ನು ನಿರ್ದೇಶಿಸಿದರು. ಇಳಯರಾಜಾ ಅವರ ಸಂಗೀತವಿರುವ ಈ ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಪ್ರಕಟವಾಯಿತು. ಕನ್ನಡದ ಜನಪದ ಹಾಡೊಂದು ಹೀಗೆ ಹೊಸ ಮಾಧ್ಯಮಕ್ಕೆ ಹೋದದ್ದು ಸಂತೋಷದ ಸಂಗತಿ. ಆದರೆ ಈ ಕಥೆಯನ್ನು ಇಂದು ಹೇಳಹೊರಟವರೆಲ್ಲರೂ ಒಂದು ಕಠಿಣ ಪ್ರಶ್ನೆಯನ್ನು ಎದುರಿಸಬೇಕು. ಆ ಹುಲಿಯನ್ನು ಏನು ಮಾಡುವುದು?

ನಮ್ಮ ಉಳವಿಯ ಸುತ್ತ ಇದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಹುಲಿ ಕೊಂದವನಿಗೆ ಸರಕಾರವೇ ಇನಾಮು ಕೊಡುತ್ತಿತ್ತು. ಸತ್ತ ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡವನು ಆ ಕಾಲದ ವೀರ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಅದೇ ಮನುಷ್ಯ ಅಪರಾಧಿ. 1973ರಲ್ಲಿ ಹುಲಿ ಯೋಜನೆ ಮೊದಲಾಯಿತು. 2007ರಲ್ಲಿ ಅಣಶಿ ಮತ್ತು ದಾಂಡೇಲಿಯ ಕಾಡುಗಳು ಹುಲಿ ಸಂರಕ್ಷಿತ ಪ್ರದೇಶವಾದವು; 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರಿಟ್ಟರು. ಒಂದು ಮನುಷ್ಯಾಯುಷ್ಯದೊಳಗೆ ಖಳನು ರಕ್ಷಣೆಗೆ ಅರ್ಹನಾದನು, ನಾಯಕನು ಕಟಕಟೆಯಲ್ಲಿ ನಿಂತನು.

ನಾನು ತರಗತಿಯಲ್ಲಿ ಗೋವಿನ ಹಾಡನ್ನು ಹೇಳಿಕೊಟ್ಟಾಗ ಒಬ್ಬ ಹುಡುಗ ಎದ್ದು, "ಸರ್, ಹಸಿವಾಗಿದ್ದು ಹುಲಿಯ ತಪ್ಪೇನ್ರಿ? ಅದು ಯಾಕೆ ಸಾಯಬೇಕು?" ಎಂದ. ಹಿಂದಿನ ಪೀಳಿಗೆಯ ಯಾವ ವಿದ್ಯಾರ್ಥಿಯೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಕಾಲ ಬದಲಾಗಿದೆ ಎಂದು ಮನಸ್ಸಿನಲ್ಲಿ ಹಿಗ್ಗುತ್ತಿರುವಾಗಲೇ, ಹಿಂದಿನ ವರ್ಷ ಮನೆಯ ಆಕಳನ್ನು ಕಳೆದುಕೊಂಡಿದ್ದ ಒಬ್ಬ ಹುಡುಗಿ ಮೆಲ್ಲಗೆ, "ನಮ್ಮ ಆಕಳಿಗೆ ಹುಲಿ ವೇಳೆ ಕೊಡಲಿಲ್ಲ ಸರ್" ಎಂದಳು. ತರಗತಿ ನಿಶ್ಶಬ್ದವಾಯಿತು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ಆ ದಿನ ನನಗೆ ಹೊಳೆದದ್ದಿಷ್ಟು. ಮೌಲ್ಯ ಬದಲಾಗುವುದೆಂದರೆ ಹಳೆಯದೆಲ್ಲ ಅಳಿಸಿ ಹೊಸದು ಬರುವುದಲ್ಲ. ಒಂದೇ ಬೆಂಚಿನ ಮೇಲೆ ಎರಡು ನ್ಯಾಯಗಳು ಜೊತೆಯಾಗಿ ಕೂಡುತ್ತವೆ. ಹುಲಿ ಉಳಿಯಬೇಕೆಂಬುದು ನ್ಯಾಯ. ಆಕಳು ಕಳೆದುಕೊಂಡ ಮನೆಯ ದುಃಖವೂ ನ್ಯಾಯ. ಹುಲಿಯನ್ನು ಕೊಂದು ಕಥೆ ಮುಗಿಸುವುದೂ ಸುಲಭ, ಹುಲಿಯನ್ನು ಮುದ್ದಿನ ಬೆಕ್ಕಾಗಿ ಬಿಡಿಸುವುದೂ ಸುಲಭ. ಎರಡೂ ನ್ಯಾಯಗಳನ್ನು ಹೊತ್ತು ನಿಲ್ಲಬಲ್ಲ ಕಥೆಯನ್ನು ಚಿತ್ರಿಸುವವನೇ ಮುಂದಿನ ಮಕ್ಕಳ ಕವಿ. ಅಂಥವನು ನಮ್ಮ ಕಾಡಂಚಿನ ಊರುಗಳಿಂದಲೇ ಬರಲೆಂದು ನನ್ನ ಆಸೆ.

ಹಾಗಾದರೆ ಮನೆಯಲ್ಲಿ ಹಿರಿಯರು ಮಾಡಬೇಕಾದದ್ದೇನು? ಟೀವಿ ಆರಿಸುವುದು ಒಂದು ಉಪಾಯ. ಆದರೆ ಆರಿಸಿದ ಪೆಟ್ಟಿಗೆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಎರಡು ಮಾತು ಕೇಳಬಹುದು. ಈ ಕಥೆಯಲ್ಲಿ ಯಾರನ್ನು ದೊಡ್ಡದಾಗಿ ಬರೆದಿದ್ದಾರೆ, ಯಾರನ್ನು ಸಣ್ಣದಾಗಿ? ಗೆದ್ದವನು ಏನನ್ನು ಕೊಟ್ಟು ಗೆದ್ದ? ಮೊದಲನೆಯದು ತೊಗಲುಗೊಂಬೆಯ ಪ್ರಶ್ನೆ, ಎರಡನೆಯದು ವೀರಗಲ್ಲಿನ ಪ್ರಶ್ನೆ. ಇವೆರಡನ್ನು ಕೇಳಲು ಕಲಿತ ಮಗುವನ್ನು ಯಾವ ಕಾರ್ಟೂನೂ ಕೆಡಿಸಲಾರದು.

ಇನ್ನು ಅಜ್ಜನ ಮೊಮ್ಮಗನ ಪ್ರಶ್ನೆ. ಚನ್ನಬಸವಣ್ಣನವರು ಬಸವಣ್ಣನವರ ಸೋದರಳಿಯ, ಅಕ್ಕನಾಗಮ್ಮನ ಮಗ. ವಯಸ್ಸಿನಲ್ಲಿ ಚಿಕ್ಕವರು, ಜ್ಞಾನದಲ್ಲಿ ಹಿರಿಯರೆಂದು ಪ್ರಸಿದ್ಧರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕೆಟ್ಟಾಗ ಶರಣರ ತಂಡದೊಡನೆ ಈ ಕಾಡಿಗೆ ಬಂದು ಇಲ್ಲಿಯೇ ಐಕ್ಯರಾದರೆಂದು ಪರಂಪರೆ. ದಾರಿಯಲ್ಲಿ ಬೆನ್ನಟ್ಟಿದ ಸೈನ್ಯದೊಡನೆ ಕಾಳಗಗಳಾದವೆಂಬ ಐತಿಹ್ಯವೂ ಉಂಟು. ಹದಿನಾರನೆಯ ಶತಮಾನದ ವಿರೂಪಾಕ್ಷ ಪಂಡಿತನು ಚನ್ನಬಸವ ಪುರಾಣ ಬರೆದಾಗ ಅವರನ್ನು ಶಿವಲೀಲೆಗಳನ್ನೂ ಶಿವಭಕ್ತರ ಚರಿತೆಯನ್ನೂ ಸಿದ್ಧರಾಮನಿಗೆ ತಿಳಿಸುವ ಮಹಾಗುರುವಾಗಿ ಕಂಡನು. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದು, ವಚನಗಳು ಅಚ್ಚಾಗಿ ಮನೆಮನೆಗೆ ಬಂದ ಮೇಲೆ, ವಚನದ ಕಟ್ಟುಗಳನ್ನು ಕಾಪಾಡಿದ ಪುರುಷನೆಂಬ ಚಿತ್ರವೇ ಜನರ ಮನಸ್ಸಿನಲ್ಲಿ ಮುಂದೆ ನಿಂತಂತೆ ನನಗೆ ಕಾಣುತ್ತದೆ. ನಾಯಕನೊಬ್ಬನೇ, ಕಾಲ ಮೂರು, ಚಿತ್ರ ಮೂರು. ನಾಳೆ ಯಾರಾದರೂ ಅವರ ಕಥೆಯನ್ನು ಕಾರ್ಟೂನ್ ಮಾಡಿದರೆ ಕಾಳಗವನ್ನೇ ದೊಡ್ಡದು ಮಾಡುವ ಆಸೆ ಅವರಿಗೆ ಹುಟ್ಟದಿರದು.

ಆ ಹುಡುಗ ಮತ್ತೊಮ್ಮೆ ಎದುರಾದರೆ ನಾನು ಹೇಳಬೇಕೆಂದಿರುವುದು ಇಷ್ಟೇ: "ತಮ್ಮಾ, ಇವರು ಹೊಡೆದು ದೊಡ್ಡವರಾದವರಲ್ಲ. ಎಲ್ಲರೂ ಪ್ರಾಣ ಉಳಿಸಿಕೊಳ್ಳಲು ಓಡುವಾಗ ಇವರು ಮಾತುಗಳನ್ನು ಉಳಿಸಿದರು. ನಿನ್ನ ಅಜ್ಜ ಚಕ್ಕಡಿಯಲ್ಲಿ ಹಾಡಿಕೊಂಡು ಬಂದನಲ್ಲ, ಆ ಮಾತುಗಳನ್ನು." ಅವನು ಒಪ್ಪುವನೋ ಇಲ್ಲವೋ ನಾನರಿಯೆ. ಮತ್ತೊಂದು ಪ್ರಶ್ನೆ ಕೇಳಿದರೂ ಕೇಳಿಯಾನು. ಕೇಳಲಿ; ಜಾತ್ರೆಯ ದಾರಿ ಉದ್ದವಿದೆ, ಎತ್ತುಗಳ ನಡಿಗೆ ನಿಧಾನ, ಮಾತನಾಡಲು ಬೇಕಾದಷ್ಟು ಹೊತ್ತಿದೆ.